ಮುಚ್ಚಿದ ಮಣ್ಣು, ಉಳಿದ ವಿಷ

ಸರ್ಕಾರಿ ಇಂಜಿನಿಯರ್ ಆಗಿದ್ದಾಗ ಮಾಡಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕಾರ್ಖಾನೆಯ ತ್ಯಾಜ್ಯ ಸುರಿದಿದ್ದ ಜಾಗವೊಂದನ್ನು ಶುದ್ಧಗೊಳಿಸುವ ಕಾಮಗಾರಿ ನನ್ನ ಕೈಲಿತ್ತು. ಮಾರ್ಚ್ ಒಳಗೆ ಅನುದಾನ ಮುಗಿಯಬೇಕಿತ್ತು. ಗುತ್ತಿಗೆದಾರ ಎರಡಡಿ ಮಣ್ಣು ಹರಡಿದ, ನಾನು ಎಂ.ಬಿ.ಯಲ್ಲಿ ಅಳತೆ ಬರೆದು ಸಹಿ ಹಾಕಿದೆ. ಪಕ್ಕದ ಹೊಲದ ತಾಯಿಯೊಬ್ಬರು ಕೇಳಿದರು: “ಮಣ್ಣು ಮುಚ್ಚಿದ್ರಿ ಸಾಹೇಬ್ರ, ನಮ್ಮ ಬೋರಿನ ನೀರು ಕುಡೀಬಹುದೇನ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ಅಂದಾಜುಪಟ್ಟಿಯಲ್ಲಿ ನೀರಿನ ಪರೀಕ್ಷೆಯೇ ಇರಲಿಲ್ಲ.

ಭೋಪಾಲ್ ದುರಂತ ನಡೆದದ್ದು 1984ರಲ್ಲಿ. ಆ ಕಾರ್ಖಾನೆಯಲ್ಲಿ ಕೂಡಿಟ್ಟಿದ್ದ 337 ಟನ್ ತ್ಯಾಜ್ಯ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ, ಅದೂ ಹೈಕೋರ್ಟ್ ಗಡುವು ಕೊಟ್ಟ ಮೇಲೆ. ಚೀಲದಲ್ಲಿದ್ದುದನ್ನು ಸಾಗಿಸಿದರು, ನೆಲಕ್ಕೆ, ಅಂತರ್ಜಲಕ್ಕೆ ಇಳಿದದ್ದು ಅಲ್ಲೇ ಉಳಿಯಿತು.

ಬಿಲ್ಲು ಪಾಸಾದರೆ ಕಾಮಗಾರಿ ಮುಗಿಯುತ್ತದೆ, ಕಾಯಕ ಮುಗಿಯುವುದಿಲ್ಲ. ನಿಮ್ಮೂರಿಗೆ ಇಂಥ ಯೋಜನೆ ಬಂದರೆ ಮೂರು ಪ್ರಶ್ನೆ ಕೇಳಿ: ಕೆಲಸಕ್ಕೆ ಮೊದಲು, ಆಮೇಲೆ ಮಣ್ಣು-ನೀರು ಪರೀಕ್ಷಿಸಿದ ವರದಿ ಎಲ್ಲಿ? ಅಗೆದ ಮಣ್ಣು ಯಾವ ಊರಿಗೆ ಹೋಯಿತು? ಮುಂದಿನ ವರ್ಷಗಳಲ್ಲಿ ಬಾವಿ ನೋಡುವವರು ಯಾರು?

ನಾನು ಸಹಿ ಹಾಕುವ ಮುನ್ನ ಯಾರಾದರೂ ಹೀಗೆ ಕೇಳಿದ್ದರೆ, ಆ ತಾಯಿಗೆ ಉತ್ತರ ಕೊಡಬಲ್ಲವನಾಗಿರುತ್ತಿದ್ದೆ.