ಜೊತೆಯಾಗಿ ಹೊರಡುವ ಮುನ್ನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ನನಗೆ ಬರುವ ಪ್ರಶ್ನೆಯೇ ಬೇರೆ. "ಅಣ್ಣಾ, ನಾವಿಬ್ಬರೂ ಬಿ.ಎಡ್. ಮಾಡಿದ್ದೇವೆ, ಇಬ್ಬರೂ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇವೆ. ಹೊರದೇಶದಲ್ಲಿ ಇಬ್ಬರಿಗೂ ಒಟ್ಟಿಗೆ ಕೆಲಸ ಸಿಗುತ್ತದಾ?" ನಾನು ಕೆಲವು ಕಾಲ ಜಪಾನಿನಲ್ಲಿದ್ದೆ ಎಂಬ ಕಾರಣಕ್ಕೆ ನನ್ನನ್ನು ಕೇಳುತ್ತಾರೆ. ಹೋದ ವರ್ಷ ನಮ್ಮ ಶಾಲೆಯಲ್ಲೇ ಓದಿದ ಒಬ್ಬ ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದಿದ್ದ. ಕೈಯಲ್ಲಿ ಒಂದು ಫೈಲು. ಒಬ್ಬ ಏಜೆಂಟ್ ಇಬ್ಬರಿಗೂ ಕೆಲಸ ಗ್ಯಾರಂಟಿ ಎಂದಿದ್ದನಂತೆ. ಅವನಿಗೆ ಕೊಡಲು ಹೆಂಡತಿಯ ಒಡವೆ ಅಡವಿಡುವುದೊಂದೇ ಬಾಕಿ. ಅವರಿಗೆ ಅಂದು ಹೇಳಿದ್ದನ್ನೇ ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

ಇದು ಹೊಸ ಆಸೆಯೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ಇಥಿಯೋಪಿಯಾದ ಶಾಲೆಗಳಿಗೆ ಭಾರತದಿಂದ, ಅದರಲ್ಲೂ ಕೇರಳದಿಂದ, ಬಹಳ ಮಂದಿ ಶಿಕ್ಷಕರು ಹೋದರು. ಅವರಲ್ಲಿ ಗಂಡ ಹೆಂಡತಿ ಇಬ್ಬರೂ ಶಿಕ್ಷಕರಾಗಿದ್ದವರೂ ಇದ್ದರು. ಆಸೆ ತಪ್ಪಲ್ಲ. ಲೆಕ್ಕ ತಪ್ಪಬಾರದು ಅಷ್ಟೆ.

ಲೆಕ್ಕ ತಪ್ಪಿದವನು ನಾನೇ. ಕಂಪನಿ ನನ್ನನ್ನು ಟೋಕಿಯೊಗೆ ಕಳಿಸಿದಾಗ ನನ್ನ ಪತ್ನಿ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಎಂ.ಎ., ಬಿ.ಎಡ್. ಆದವಳು. "ರಾಜೀನಾಮೆ ಕೊಡು, ಅಲ್ಲಿ ಇಂಗ್ಲಿಷ್ ಮೇಡಂಗಳಿಗೆ ಬೇಡಿಕೆ ಇದೆ, ಹೋದ ಮೇಲೆ ನೋಡೋಣ" ಅಂದೆ. ಹೋದ ಮೇಲೆ ನೋಡಿದೆವು. ನನ್ನದು ಕೆಲಸದ ವೀಸಾ, ಆಕೆಯದು ಅವಲಂಬಿತರ ವೀಸಾ. ಆ ವೀಸಾದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ಮಾತ್ರ ದುಡಿಯಬಹುದು. ಶಾಲೆಗಳಲ್ಲಿ ಸಹಾಯಕ ಶಿಕ್ಷಕಿಯಾಗಲು ಬೇಕಾದ ವೀಸಾಕ್ಕೆ ಇಂಗ್ಲಿಷ್ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ಆಕೆ ಹತ್ತನೇ ತರಗತಿಯವರೆಗೆ ನಮ್ಮಂಥದ್ದೇ ಕನ್ನಡ ಶಾಲೆಯಲ್ಲಿ ಕಲಿತವಳು. ಪಿಯುಸಿಯಿಂದ ಬಿ.ಎಡ್. ತನಕ ಕೂಡಿಸಿದರೆ 8 ವರ್ಷ. ಸ್ನಾತಕೋತ್ತರ ಪದವಿ ಇದ್ದರೂ ಆ ಬಾಗಿಲು ತೆರೆಯಲಿಲ್ಲ. ಹೊರಡುವ ಮುಂಚೆ ಅರ್ಧ ದಿನ ಕೂತು ಓದಿದ್ದರೆ ಈ ಎರಡೂ ನಿಯಮ ನನಗೆ ಗೊತ್ತಾಗುತ್ತಿದ್ದವು. ನನ್ನ ವೀಸಾದ ಕಾಗದವನ್ನು ಮೂರು ಸಲ ಓದಿದ್ದೆ, ಆಕೆಯದನ್ನು ಒಮ್ಮೆಯೂ ಓದಿರಲಿಲ್ಲ. ಆ ಮಾತಿಗೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ.

ಕೊನೆಗೆ ಸಂಜೆಯ ಸಂಭಾಷಣೆ ತರಗತಿಯೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿತು. ಮೊದಲ ವಾರ ಮನೆಗೆ ಬಂದು, "ಇವರೂ ನಮ್ಮ ಮಕ್ಕಳ ಹಾಗೆಯೇ ತಪ್ಪುತ್ತಾರೆ ಕಣ್ರೀ" ಎಂದಳು. ನಿಜ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನ 'ಎ', 'ದಿ' ಅವರಿಗೂ ಇಲ್ಲ, ನಮಗೂ ಇಲ್ಲ. ಆಗ ನನಗೆ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾದರು. ಎಂಟನೇ ತರಗತಿಯಲ್ಲಿ ಮೂರು ಜನರ ಕೈಗೆ 'ಐ', 'ರೈಸ್', 'ಈಟ್' ಎಂದು ಬರೆದ ರಟ್ಟು ಕೊಟ್ಟು ಕನ್ನಡದ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ "ಈಟ್, ನೀನು ಮಧ್ಯಕ್ಕೆ ಬಾರೋ!" ಎಂದು ಕೂಗುತ್ತಿದ್ದರು. ಇಲ್ಲಿರುವ ಎಷ್ಟೋ ಜನ ಆ 'ಈಟ್' ಆಗಿದ್ದೀರಿ. ಅದೇ ಆಟವನ್ನು ಆಕೆ ಅಲ್ಲಿ ಅರವತ್ತು ದಾಟಿದವರ ಕೈಯಲ್ಲಿ ಆಡಿಸಿದಳು. ಭಾಷೆಯನ್ನು ಕಷ್ಟಪಟ್ಟು ಕಲಿತವರಿಗೆ ಎಲ್ಲಿ ಕಾಲು ಜಾರುತ್ತದೆ ಎಂಬುದು ಗೊತ್ತಿರುತ್ತದೆ. ಕನ್ನಡ ಮಾಧ್ಯಮ ಎಂದು ಕೀಳರಿಮೆ ಬೇಡ. ಆದರೆ ವೀಸಾ ಕಚೇರಿ ನೋಡುವುದು ನಮ್ಮ ಪಾಠವನ್ನಲ್ಲ, ಕಾಗದವನ್ನು. ಅದೂ ನೆನಪಿರಲಿ.

ಹಾಗಾದರೆ ಎಲ್ಲೆಲ್ಲಿ ಅವಕಾಶವಿದೆ? ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕರ ವೀಸಾ ಮುಖ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದವು ಪದವಿಯ ಜೊತೆಗೆ ಶಿಕ್ಷಕ ಅರ್ಹತೆಯೂ ಇರುವ ಭಾರತೀಯರಿಗೆ ಸಹಾಯಕ ಶಿಕ್ಷಕರಾಗಲು ದಾರಿ ಮಾಡಿತು, ಆದರೆ ಅದು ಕಿರುದಾರಿ. ಜಪಾನ್ ಸರ್ಕಾರದ ಜೆಟ್ ಯೋಜನೆ 1987ರಿಂದ ನಡೆಯುತ್ತಿದೆ. ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಬಹುದು, ಆದರೆ ಆಯ್ಕೆ ಬೇರೆ ಬೇರೆ. ಒಂದೇ ಊರು ಕೊಡಿ ಎಂದು ಕೇಳಬಹುದು, ಕೊಟ್ಟೇ ಕೊಡುತ್ತಾರೆ ಎಂದಿಲ್ಲ. ಭಾರತದಿಂದ ಆಯ್ಕೆಯಾಗುವವರು ಬಹಳ ಕಡಿಮೆ.

ನಮ್ಮವರಿಗೆ ಹತ್ತಿರದ ದಾರಿ ಗಲ್ಫ್ ದೇಶಗಳಲ್ಲಿರುವ ಸಿಬಿಎಸ್‌ಇ ಶಾಲೆಗಳು. ಅಲ್ಲಿ ಬಿ.ಎಡ್.ಗೆ ಬೆಲೆ ಇದೆ, ನಮ್ಮ ಪಠ್ಯಕ್ರಮವೇ ನಡೆಯುತ್ತದೆ. ದುಬೈ, ಅಬುಧಾಬಿಗಳಿರುವ ಯುಎಇಯಲ್ಲಿ ಗಂಡನ ವೀಸಾದಲ್ಲಿರುವ ಹೆಂಡತಿಯೂ ಕೆಲಸದ ಪರವಾನಗಿ ಪಡೆದು ಕಲಿಸಬಹುದು.

ಎಲ್ಲಿಗೇ ಹೋಗಿ, ಜೊತೆಯಾಗಿ ಹೋಗುವುದೆಂದರೆ ಒಂದು ಕೆಲಸವಲ್ಲ, ಎರಡು ಕೆಲಸ. ಇಬ್ಬರ ಹೆಸರಿಗೂ ಪ್ರತ್ಯೇಕ ನೇಮಕಾತಿ ಪತ್ರ ಬರಬೇಕು. ಸಂಬಳ, ಕೆಲಸದ ಗಂಟೆ, ರಜೆ, ಮನೆ, ವಿಮಾನದ ಖರ್ಚು ಇವೆಲ್ಲ ಇಬ್ಬರ ಪತ್ರದಲ್ಲೂ ಇರಬೇಕು. ಮನೆ ಒಂದೇ ಕೊಟ್ಟರೆ ಎರಡನೆಯವರ ಬಾಡಿಗೆ ಭತ್ಯೆ ಏನಾಯಿತು ಎಂದು ಕೇಳಿ. ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ವೀಸಾ ಏನಾಗುತ್ತದೆ ಎಂದೂ ಕೇಳಿ. "ಸಾರ್‌ಗೆ ಈಗ, ಮೇಡಂಗೆ ಅಲ್ಲಿಗೆ ಹೋದ ಮೇಲೆ" ಎಂದರೆ ಮೇಡಂಗೆ ಕೆಲಸ ಇಲ್ಲ ಎಂದೇ ತಿಳಿಯಿರಿ. ಪ್ರವಾಸಿ ವೀಸಾದಲ್ಲಿ ಬನ್ನಿ ಎಂದರೆ ಹೋಗಲೇಬೇಡಿ.

ಇನ್ನು ಕಾಗದಪತ್ರ. ನಮ್ಮ ಹಳ್ಳಿ ಮದುವೆಗಳಲ್ಲಿ ಎಷ್ಟೋ ನೋಂದಣಿಯಾಗಿರುವುದಿಲ್ಲ. ಲಗ್ನಪತ್ರಿಕೆ, ಫೋಟೊ ಆಲ್ಬಂ ಸಾಲದು, ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಹೀಗೆ ಒಬ್ಬಳೇ ಹೆಣ್ಣುಮಗಳು ಮೂರು ಜನ ಆಗಿರುತ್ತಾಳೆ. ಮೊದಲು ಅದನ್ನು ಸರಿಪಡಿಸಿ. ಪದವಿ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಜಪಾನ್, ಒಮಾನ್, ಬಹರೇನ್‌ಗಳಿಗೆ ಅಪೊಸ್ಟಿಲ್ ಎಂಬ ಮುದ್ರೆ, ಯುಎಇಗಾದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು.

ಏಜೆಂಟರ ವಿಷಯ. 1983ರ ವಲಸೆ ಕಾಯ್ದೆಯ ಪ್ರಕಾರ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವವರಿಗೆ ಕೇಂದ್ರ ಸರ್ಕಾರದ ಪರವಾನಗಿ ಇರಬೇಕು. ಆ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಒಬ್ಬರಿಗೆ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ನಮ್ಮ ಮನೆಗೆ ಬಂದಿದ್ದ ಜೋಡಿಯ ಮುಂದೆಯೇ ಆ ಏಜೆಂಟನ ಹೆಸರು ಹುಡುಕಿದೆವು. ಪಟ್ಟಿಯಲ್ಲಿ ಇರಲಿಲ್ಲ. ಒಡವೆ ಉಳಿಯಿತು. ಆ ಜೋಡಿ ಇನ್ನೂ ಇಲ್ಲೇ ಇದೆ. ಮದುವೆ ನೋಂದಣಿ ಮಾಡಿಸಿ, ಹೆಸರು ಸರಿಪಡಿಸಿಕೊಂಡು, ಈಗ ಶಾಲೆಗಳಿಗೆ ನೇರವಾಗಿ ಎರಡು ಅರ್ಜಿ ಹಾಕುತ್ತಿದ್ದಾರೆ. ಅವಳ ಅರ್ಜಿಯನ್ನು ಅವಳೇ ಬರೆಯುತ್ತಿದ್ದಾಳೆ.

ಕೊನೆಗೆ ಎರಡು ವಿನಂತಿ. ಗುರುಗಳಲ್ಲಿ: ಹತ್ತನೇ ತರಗತಿ ಮಕ್ಕಳ ಹೆಸರನ್ನು ಪರೀಕ್ಷೆಗೆ ಕಳಿಸುವ ಮುಂಚೆ ತಂದೆತಾಯಿಯನ್ನು ಕರೆಸಿ ಒಂದೊಂದು ಅಕ್ಷರವನ್ನೂ ನೋಡಿಸಿ. ಮನೆಯ ಹಿರಿಯರಲ್ಲಿ: ಮಗನ ಜೊತೆ ಸೊಸೆ ಹೊರಟಾಗ "ನೀನು ಜೊತೆಗಿದ್ದರೆ ಸಾಕಮ್ಮ" ಎನ್ನುವ ಮುಂಚೆ, ಅವಳ ಕೆಲಸದ ಕಾಗದ ಎಲ್ಲಿ ಎಂದು ಕೇಳಿ. ನಾನು ಕೇಳಲಿಲ್ಲ. ನೀವಾದರೂ ಕೇಳಿ.

ನಮ್ಮ ಸಂಘದವರು ಒಪ್ಪಿದರೆ ತಿಂಗಳಿಗೊಂದು ಭಾನುವಾರ ಇಂಥ ಕಾಗದಪತ್ರ ನೋಡಿಕೊಡಲು ನಾನು ಸಿದ್ಧ. ನನ್ನ ಪತ್ನಿಯೂ ಬರುತ್ತಾಳೆ, ನನಗಿಂತ ಆಕೆಗೇ ಚೆನ್ನಾಗಿ ಗೊತ್ತು.