ಲಕ್ವ ಹೊಡೆದ ಮೇಲೆ ನಾಲ್ಕೂವರೆ ಗಂಟೆ

(ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೂಡಿದಾಗಲೆಲ್ಲ ಕೂಲಿ, ಬೋನಸ್, ಪಿ.ಎಫ್. ವಿಷಯ ಮಾತನಾಡುತ್ತೇವೆ. ಇಂದು ಒಂದು ಕಾಯಿಲೆಯ ವಿಷಯ ಹೇಳಲು ನಿಂತಿದ್ದೇವೆ. ಕಾಯಿಲೆ ಡಾಕ್ಟರರ ಸಂಗತಿ, ಸಂಘಕ್ಕೆ ಅದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಹೇಗೆಂಬುದನ್ನು ವಿಚಾರ ಮಾಡೋಣ.

ಪಾರ್ಶ್ವವಾಯುವಿಗೆ ನಾವು ಮನೆಮಾತಿನಲ್ಲಿ ಲಕ್ವ ಎನ್ನುತ್ತೇವೆ. ನಮ್ಮ ಹಿರಿಯರು ಇದನ್ನು ಗಾಳಿ ಸೋಕಿದ್ದೆಂದು ತಿಳಿದು ಎಣ್ಣೆ ತಿಕ್ಕಿದರು, ಪಾರಿವಾಳದ ರಕ್ತ ಹಚ್ಚಿದರು. ವಾಸ್ತವದಲ್ಲಿ ಇದು ಕೈಕಾಲಿನ ಕಾಯಿಲೆಯಲ್ಲ, ಮೆದುಳಿನ ಕಾಯಿಲೆ. ಮೆದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುತ್ತದೆ, ಇಲ್ಲವೇ ಒಡೆಯುತ್ತದೆ. ಹೆಚ್ಚಿನವರಿಗೆ ಆಗುವುದು ಮೊದಲನೆಯದು. ದೊಡ್ಡ ನಾಳವೊಂದು ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ತಜ್ಞರು ಲೆಕ್ಕ ಹಾಕಿದರು.

ಇದಕ್ಕೆ ಈಗ ಮದ್ದುಂಟು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಗುಣವಿದೆ ಎಂದು 1995ರಲ್ಲಿ ಅಮೆರಿಕದ ಪರೀಕ್ಷೆ ತೋರಿಸಿತು. 2008ರಲ್ಲಿ ಯುರೋಪಿನ ಪರೀಕ್ಷೆಯಿಂದ ಆ ಅವಧಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. ಇನ್ನೊಂದು ಚಿಕಿತ್ಸೆಯೂ ಇದೆ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಮೆದುಳಿನ ತನಕ ಕಳುಹಿಸಿ ಹೆಪ್ಪನ್ನೇ ಹೊರಗೆ ಎಳೆಯುತ್ತಾರೆ. ದೊಡ್ಡ ನಾಳ ಮುಚ್ಚಿದವರಿಗೆ ಇದು ಬಹಳ ಉಪಯುಕ್ತವೆಂದು 2015ರಲ್ಲಿ ದೃಢಪಟ್ಟಿತು. ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ತಿಳಿಯಿತು. ಆದರೆ ಯಾವುದೇ ಚಿಕಿತ್ಸೆಗೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ನಾಳ ಒಡೆದವನಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಅವನ ಪ್ರಾಣಕ್ಕೇ ಅಪಾಯ.

ಈಗ ನಮ್ಮ ಜಿಲ್ಲೆಗಳ ಕಡೆ ನೋಡಿರಿ. ಕೊಯಮತ್ತೂರಿನ ಗಾಂಧಿಪುರದಲ್ಲಿ ಲಕ್ವ ಹೊಡೆದವನಿಗೆ ದೊಡ್ಡ ಆಸ್ಪತ್ರೆ ಅರ್ಧ ಗಂಟೆಯ ದಾರಿ. ವಾಲ್ಪಾರೈ ಕೂಡ ಅದೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಅಲ್ಲಿಂದ ಪೊಳ್ಳಾಚಿಗೆ ಸುಮಾರು 65 ಕಿಲೋಮೀಟರ್. ಆಳಿಯಾರಿಗೆ ಇಳಿಯುವಷ್ಟರಲ್ಲಿ 40 ಹೇರ್‌ಪಿನ್ ತಿರುವು. ಪೊಳ್ಳಾಚಿಯಿಂದ ನಗರಕ್ಕೆ ಇನ್ನೂ 40 ಕಿಲೋಮೀಟರ್. ಚಹಾ ತೋಟದ ಒಳಗಿನ ಲೈನ್ ಮನೆಯಲ್ಲಿ ರಾತ್ರಿ ತಾಯಿಯೊಬ್ಬಳ ಬಾಯಿ ಸೊಟ್ಟಗಾಯಿತೆಂದು ಇಟ್ಟುಕೊಳ್ಳಿ. ಇದು ಲಕ್ವ ಎಂದು ಗುರುತು ಹತ್ತಲು ಅರ್ಧ ಗಂಟೆ. ಗಾಡಿ ಸಿಗಲು ಒಂದು ಗಂಟೆ. ಘಟ್ಟ ಇಳಿದು ಪೊಳ್ಳಾಚಿ ಸೇರಲು ಎರಡು ಗಂಟೆಗೂ ಹೆಚ್ಚು. ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಇನ್ನೊಂದು ಗಂಟೆ. ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿಯಿತು. ಒಂದೇ ಜಿಲ್ಲೆ, ಒಬ್ಬರೇ ಕಲೆಕ್ಟರು, ಒಂದೇ ಕಾಯಿಲೆ. ಒಬ್ಬರು ನಡೆದು ಮನೆಗೆ ಹೋಗುತ್ತಾರೆ, ಇನ್ನೊಬ್ಬರನ್ನು ಹೊತ್ತು ತರಬೇಕಾಗುತ್ತದೆ. ತೋಟದ ಮಾಲಿಕರ ಮೇಲೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು 1951ರ ಕಾಯ್ದೆ ಹೊರಿಸಿತ್ತು. ತೋಟದ ಆಸ್ಪತ್ರೆ ಜ್ವರಕ್ಕೆ, ಹೆರಿಗೆಗೆ ಆದೀತು. ಈ ಕಾಯಿಲೆಗೆ ಸಾಲದು.

ತಿರುಪ್ಪೂರು ಜಿಲ್ಲೆಯದೂ ಇಂಥದೇ ಕಥೆ. ಧಾರಾಪುರದಿಂದ ಕೊಯಮತ್ತೂರು ಸುಮಾರು 80 ಕಿಲೋಮೀಟರ್. ಉಡುಮಲೈಪೇಟೆಯೂ ದೂರವೇ. ಹೆಪ್ಪು ಎಳೆಯುವ ಚಿಕಿತ್ಸೆ ನಮ್ಮ ಕಡೆ ನಗರದ ದೊಡ್ಡ ಆಸ್ಪತ್ರೆಗಳ ಕೆಲಸ. ಖರ್ಚು ಲಕ್ಷದ ಲೆಕ್ಕದಲ್ಲಿ. ಕೊಯಮತ್ತೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು 1966ರಲ್ಲೇ ಬಂತು. ತಿರುಪ್ಪೂರಿನದು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ. ಇಷ್ಟು ದುಡಿಯುವ ಊರು ಅಷ್ಟು ವರ್ಷ ಕಾಯಬೇಕಾಯಿತು.

ದೂರವೆಂಬುದು ಕಿಲೋಮೀಟರಿನದು ಮಾತ್ರವಲ್ಲ. ನಾವು ಬಲ್ಲ ಸಹೋದರನೊಬ್ಬ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ಕೆಲಸದವನು. ರಾತ್ರಿ ಪಾಳಿಯಲ್ಲಿ ಅವನ ಕೈಯಿಂದ ಬಟ್ಟೆ ಜಾರತೊಡಗಿತು, ಮಾತು ತೊದಲಿತು. ಕುಡಿದಿದ್ದಾನೆಂದು ಮೇಸ್ತ್ರಿ ರೂಮಿಗೆ ಕಳುಹಿಸಿದ. ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಏರಿಸಿದರು. ಸ್ಕ್ಯಾನ್ ಆದಾಗ ಮಧ್ಯಾಹ್ನ. ಆ ಬಲಗೈ ಇಂದಿಗೂ ಕತ್ತರಿ ಹಿಡಿಯುವುದಿಲ್ಲ. ಹೆಂಡತಿಯ ಕೂಲಿಯಲ್ಲಿ ಮನೆ ನಡೆದಿದೆ. ಅವನಿಗೆ ರಸ್ತೆ ದೂರವಿರಲಿಲ್ಲ, ಗುರುತಿಸುವವರು ಇರಲಿಲ್ಲ.

ಉಪಾಯವಿಲ್ಲವೆಂದು ಯಾರೂ ತಿಳಿಯಬೇಡಿ. ಹಿಮಾಚಲ ಪ್ರದೇಶವೂ ಬೆಟ್ಟದ ನಾಡೇ. ಅಲ್ಲಿ 2014ರಿಂದ ಸಿ.ಟಿ. ಯಂತ್ರವಿದ್ದ ಜಿಲ್ಲಾ ಆಸ್ಪತ್ರೆಗಳ ಸಾಮಾನ್ಯ ವೈದ್ಯರು ಸ್ಕ್ಯಾನಿನ ಚಿತ್ರವನ್ನು ಫೋನಿನಲ್ಲಿ ನರರೋಗ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಚುಚ್ಚುಮದ್ದನ್ನು ಉಚಿತವಾಗಿ ಕೊಡತೊಡಗಿದರು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೃದಯಾಘಾತದ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೆ ತಂದಿತು. ಹೃದಯಕ್ಕೆ ಆದದ್ದು ಮೆದುಳಿಗೂ ಆಗಬೇಕು. ವ್ಯತ್ಯಾಸವಿಷ್ಟೇ: ಮೆದುಳಿಗೆ ಸಿ.ಟಿ. ಯಂತ್ರವೂ ಅದನ್ನು ರಾತ್ರಿ ನಡೆಸುವ ಸಿಬ್ಬಂದಿಯೂ ಬೇಕು.

ಆದುದರಿಂದ ಸಂಘದ ಕೆಲಸ ಹೀಗಿದೆ.

ಒಂದನೆಯದು, ಗುರುತು. ಬಾಯಿ ಸೊಟ್ಟಗಾಗುವುದು, ಎತ್ತಿದ ಒಂದು ಕೈ ಬೀಳುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ. ಈ ಸೇವೆ ತಮಿಳುನಾಡಿನಲ್ಲಿ 2008ರಿಂದ ಇದೆ. ತಮಿಳಿನಲ್ಲಿ ‘ಪಕ್ಕವಾದಂ’ ಎಂದರೆ ಅವರಿಗೆ ಅರ್ಥವಾಗುತ್ತದೆ. ರೋಗಿ ಕಡೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ. ನಿದ್ದೆಯಿಂದ ಎದ್ದಾಗ ಕಂಡರೆ ಮಲಗಿದ ಗಂಟೆಯನ್ನು ಹೇಳಿ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ.

ಎರಡನೆಯದು, ದಾರಿ. ಪ್ರತಿ ಶಾಖೆಯವರೂ ತಮ್ಮ ಕಡೆ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ನಡೆಯುತ್ತದೆ, ಹೆಪ್ಪು ಕರಗಿಸುವ ಮದ್ದು ಎಲ್ಲಿದೆ ಎಂದು ಖುದ್ದಾಗಿ ಹೋಗಿ ವಿಚಾರಿಸಿ, ಕಂಪನಿಯ ನೋಟೀಸ್ ಬೋರ್ಡಿನಲ್ಲಿ ಬರೆಸಬೇಕು. ಸ್ಕ್ಯಾನ್ ಇಲ್ಲದ ಕ್ಲಿನಿಕ್ಕಿಗೆ ಮೊದಲು ಹೋದರೆ ಗಂಟೆ ಕಳೆದುಹೋಗುತ್ತದೆ.

ಮೂರನೆಯದು, ಹಕ್ಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇ.ಎಸ್.ಐ. ಸಿಗಬೇಕೆಂದು 2017ರಲ್ಲಿ ಮಿತಿ ಏರಿಸಿದರು. ಗುತ್ತಿಗೆಯವರೆಂದು ಹೆಸರು ಬಿಟ್ಟಿದ್ದರೆ ಕಾಯಿಲೆ ಬೀಳುವ ಮೊದಲೇ ಹೋರಾಡಿ ಸೇರಿಸಿ. ವಾಲ್ಪಾರೈ, ಉಡುಮಲೈ, ಧಾರಾಪುರದ ಜನರಿಗೆ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಮತ್ತು ಮದ್ದು ಸಿಗುವಂತೆ ಮಾಡಿರೆಂದು ನಾವೆಲ್ಲ ಸಹಿ ಹಾಕಿ ಸರ್ಕಾರವನ್ನು ಕೇಳಬೇಕು. ಕೇಳುವಾಗ ಕಿಲೋಮೀಟರ್ ಬರೆಯಬೇಡಿ, ಗಂಟೆ ನಿಮಿಷ ಬರೆಯಿರಿ.

ನಾಲ್ಕನೆಯದು, ತಡೆಯುವುದು. ಲಕ್ವದ ದೊಡ್ಡ ಕಾರಣ ರಕ್ತದೊತ್ತಡ. 2021ರ ಆಗಸ್ಟಿನಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಅದರ ಮಾತ್ರೆಯನ್ನು ಮನೆಬಾಗಿಲಿಗೆ ತಂದಿತು. ಆರಾಮಾಯಿತೆಂದು ಮಾತ್ರೆ ನಿಲ್ಲಿಸಬೇಡಿ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜಾಗವಿಲ್ಲದಿರಲು ಮಾಳಿಗೆ ಬಿಚ್ಚಿ ಇಳಿಸಿದ ಸುವಾರ್ತೆಯ ವೃತ್ತಾಂತ ನಿಮಗೆ ಗೊತ್ತು. ಆ ನಾಲ್ವರ ಹೆಸರು ಅಲ್ಲಿಲ್ಲ. ಅವರು ವೈದ್ಯರೂ ಅಲ್ಲ. ಹೊತ್ತರು, ತಡಮಾಡಲಿಲ್ಲ, ಬಾಗಿಲು ಮುಚ್ಚಿತೆಂದು ಹಿಂದಿರುಗಲಿಲ್ಲ. ಸಂಘಕ್ಕೆ ಇದರಲ್ಲೇನು ಕೆಲಸ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದೇ. ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಶಾಖೆಯಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ರಾತ್ರಿ ಎಷ್ಟು ನಿಮಿಷ ಬೇಕೆಂಬುದನ್ನು ಬರೆದುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇವೆ.