ಕಿರುಜಲವಿದ್ಯುತ್ತು: ಹದ ಅರಿತರೆ ಬೆಳಕು



ಬೃಹತ್ ಯೋಜನೆಗಳನ್ನು ವಿರೋಧಿಸುವ ನಮಗೆ ಎದುರಾಗುವ ಮೊದಲ ಪ್ರಶ್ನೆ, 'ಹಾಗಾದರೆ ಪರ್ಯಾಯವೇನು?' ಎಂಬುದು. ಮನೆಯ ಹಿಂದಿನ ಹಳ್ಳದಿಂದ ಒಂದೆರಡು ಕಿಲೋವಾಟ್ ಪಡೆಯುವ ಘಟಕವನ್ನು ನಾವು ತೋರಿಸುತ್ತೇವೆ. ಆದರೆ ಅಲ್ಲಿ ದೀಪಗಳು ತುಯ್ದಾಡಿ ಮೋಟಾರು ಸುಟ್ಟರೆ, ನಮ್ಮ ವಾದವೂ ಅದರೊಡನೆ ಸುಟ್ಟುಹೋಗುತ್ತದೆ. ಆದುದರಿಂದ ಇಂದು ನಿಯಂತ್ರಕದ ಹದವನ್ನು ಕುರಿತು ಮಾತನಾಡಬಯಸುತ್ತೇನೆ.

ಕೊಳವೆಯ ನೀರಿನ ಬಲ ಸ್ಥಿರ. ಮನೆಯ ಬಳಕೆ ಅಸ್ಥಿರ. ಮಿಕ್ಸಿ ನಿಂತೊಡನೆ ಟರ್ಬೈನು ವೇಗ ಪಡೆದು ಆವರ್ತನ 50 ಹರ್ಟ್ಸ್ ಮೀರುತ್ತದೆ. ಮಿಕ್ಕ ವಿದ್ಯುತ್ತನ್ನು ಹಂಡೆಯ ನೀರು ಕಾಯಿಸುವ ಕಾಯಿಲ್‌ಗೆ ಹರಿಸಿ ಒಟ್ಟು ಹೊರೆಯನ್ನು ಸಮವಾಗಿಡುವುದು ನಿಯಂತ್ರಕದ ಕೆಲಸ. ಅಳೆಯುವುದು, ಹೋಲಿಸುವುದು, ತಿದ್ದುವುದು: ಇದೇ ಹಿಮ್ಮಾಹಿತಿ. ಇಂತಹ ವೇಗನಿಯಂತ್ರಕಗಳ ಸ್ಥಿರತೆಯನ್ನು ಮ್ಯಾಕ್ಸ್‌ವೆಲ್ 1868ರಲ್ಲಿಯೇ ಗಣಿತದಿಂದ ಪರಿಶೀಲಿಸಿದ್ದನು.

ತಿದ್ದುವಿಕೆಯಲ್ಲಿ ಎರಡು ಭಾಗಗಳಿವೆ. ಈ ಕ್ಷಣದ ತಪ್ಪಿಗೆ ತಕ್ಕಷ್ಟು ತಿದ್ದುವುದು 'ಅನುಪಾತ'. ಉಳಿದ ತಪ್ಪನ್ನು ಕೂಡಿಸುತ್ತ ಹೋಗುವುದು 'ಸಂಚಯ'. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ತಿಳಿಸಿದ ಕ್ರಮ ಸರಳವಾದುದು. ಮನೆಗಳ ಉಪಕರಣಗಳನ್ನು ಕಳಚಿ, ಪರೀಕ್ಷಾ ಬಲ್ಬುಗಳನ್ನಷ್ಟೇ ಹಚ್ಚಿಡಿ. ಸಂಚಯವನ್ನು ನಿಲ್ಲಿಸಿ, ಆವರ್ತನವು ಒಂದೇ ಸಮನೆ ತೂಗಾಡುವವರೆಗೆ ಅನುಪಾತವನ್ನು ನಿಧಾನವಾಗಿ ಏರಿಸಿ. ಆ ಗುಣಾಂಕದ ಶೇಕಡಾ 45ನ್ನು ಇಟ್ಟುಕೊಳ್ಳಿ. ಒಂದು ತೂಗಾಟದ ಕಾಲವನ್ನು 1.2ರಿಂದ ಭಾಗಿಸಿದರೆ ಸಂಚಯದ ಕಾಲ ದೊರೆಯುತ್ತದೆ. ಇದು ಆರಂಭ ಮಾತ್ರ. ಇನ್ನೂ ತೂಗಾಟ ಕಂಡರೆ ಗುಣಾಂಕವನ್ನು ಮತ್ತಷ್ಟು ತಗ್ಗಿಸಬೇಕು.

ಎಟಿಮೆಗಾ 328ರಂತಹ 8 ಬಿಟ್ ಮೈಕ್ರೋಕಂಟ್ರೋಲರ್‌ನಲ್ಲಿ ಇರುವುದು 2 ಕಿಲೋಬೈಟ್ ರ್‍ಯಾಮ್. ದಶಮಾಂಶ ಗಣಿತಕ್ಕೆ ಪ್ರತ್ಯೇಕ ಯಂತ್ರಾಂಶವಿಲ್ಲ. ಪೂರ್ಣಾಂಕದಲ್ಲಿ ಭಾಗಿಸಿದಾಗ ಸಣ್ಣ ತಪ್ಪು ಸೊನ್ನೆಯಾಗಿ, ಎಂದಿಗೂ ತಿದ್ದಲ್ಪಡದೆ ಉಳಿಯುತ್ತದೆ. ಆದುದರಿಂದ ಸಂಚಯವನ್ನು 32 ಬಿಟ್‌ನಲ್ಲಿ ಕೂಡಿಸಿ, ಭಾಗಾಕಾರವನ್ನು ಕಡೆಯಲ್ಲಿ ಮಾಡಬೇಕು.

ಬೇಸಿಗೆಯ ಅಪಾಯ ಬೇರೆ. ಹಳ್ಳ ಬಡವಾದಾಗ ಬಳಕೆಯು ಉತ್ಪಾದನೆಯನ್ನು ಮೀರಿ ಆವರ್ತನ ಕುಸಿಯುತ್ತದೆ. ಕಾಯಿಲ್ ಪೂರ್ತಿ ಆರಿದ್ದರೂ ಸಂಚಯ ಬೆಳೆಯುತ್ತಲೇ ಇರುತ್ತದೆ. ಆಗ ಯಾರಾದರೂ ಪಂಪು ನಿಲ್ಲಿಸಿದರೆ, ಆ ಹಳೆಯ ಸಾಲ ತೀರುವವರೆಗೆ ಕಾಯಿಲ್ ಹೊತ್ತಿಕೊಳ್ಳದು. ಟರ್ಬೈನು ಮಿತಿಮೀರಿ ಓಡುತ್ತದೆ. ಕಾಯಿಲ್ ತನ್ನ ಮಿತಿ ಮುಟ್ಟಿದೊಡನೆ ಸಂಚಯವನ್ನು ತಡೆಯುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಬರೆಯಲೇಬೇಕು. ಮಳೆಗಾಲದ ಹದ ಬೇಸಿಗೆಗೆ ಒಗ್ಗುವುದೇ ಎಂಬುದನ್ನೂ ಪರೀಕ್ಷಿಸಬೇಕು.

ಬಂಧುಗಳೇ, ಯಾವ ಗುಣಾಂಕವೂ ನೀರನ್ನು ಸೃಷ್ಟಿಸಲಾರದು. ಬೇಸಿಗೆಯಲ್ಲಿ ಮೀನಿಗೂ ಕೆಳಗಿನ ತೋಟಕ್ಕೂ ಸಲ್ಲಬೇಕಾದ ನೀರನ್ನು ಬಿಟ್ಟು, ಮಿಕ್ಕುದನ್ನಷ್ಟೇ ಕೊಳವೆಗೆ ತಿರುಗಿಸೋಣ. ಹದಗೊಳಿಸಿದ ಅಂಕಿಗಳನ್ನು ಯಂತ್ರದ ಮನೆಯ ಗೋಡೆಯ ಮೇಲೆ ಬರೆದಿಡೋಣ. ಮುಚ್ಚಿದ ಪೆಟ್ಟಿಗೆಯ ದುರಸ್ತಿಗೆ ಪೇಟೆಯವರನ್ನು ಕಾಯುವ ಊರು ಸ್ವಾವಲಂಬಿಯಾಗಲಾರದು.